ಸಾಲ ಪಡೆದವರ ತೃಪ್ತಿ: ಬಡ್ಡಿಯ ಸಾಲ, ಬಡ್ಡಿ ಇಲ್ಲದ ಸಾಲ
(ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ರಜತ ಮಹೋತ್ಸವ ಎಂದರೆ ಹಾರ, ಶಾಲು, ಹೊಗಳಿಕೆ ಇದ್ದದ್ದೇ. ಇರಲಿ, ಅದು ಬೇಕಾದದ್ದೇ. ಇಪ್ಪತ್ತೈದು ವರ್ಷ ಒಂದು ಹಳ್ಳಿಯ ಸಂಘ ಬಾಗಿಲು ಮುಚ್ಚದೆ ನಡೆದಿದೆ ಅಂದರೆ ಅದರ ಹಿಂದೆ ಎಷ್ಟೋ ಜನರ ಬೆವರು ಇದೆ. ಆದರೆ ನಿಮ್ಮ ಅಧ್ಯಕ್ಷರು ನನಗೆ ಕೊಟ್ಟ ವಿಷಯ ಸ್ವಲ್ಪ ಬಿಸಿಯಾದದ್ದು. "ಸಣ್ಣ ಸಾಲ ತಗೊಂಡವರಿಗೆ ತೃಪ್ತಿ ಆಗ್ತಾ ಇದೆಯೋ ಇಲ್ಲವೋ, ಬಡ್ಡಿ ಸಾಲದಲ್ಲಿ ಹೇಗೆ, ಬಡ್ಡಿ ಇಲ್ಲದ ಸಾಲದಲ್ಲಿ ಹೇಗೆ, ಅದನ್ನು ಜನಕ್ಕೆ ತಿಳಿಯೋ ಹಾಗೆ ಹೇಳಿ" ಅಂದರು. ಈ ಮಾತು ನಿಮ್ಮ ಸಂಘಕ್ಕೆ ಈಗ ಯಾಕೆ ಬೇಕು ಅನ್ನೋದು ಇಲ್ಲಿ ಕೂತಿರುವ ತಾಯಂದಿರಿಗೆ ಗೊತ್ತು. ಬೆಳಿಗ್ಗೆ ನಮ್ಮ ಸಂಘದ ಸದಸ್ಯರೇ ಆಗಿರುವ ಮನೆಯವರು ಮಧ್ಯಾಹ್ನ ವಾರದ ಕಂತಿನ ಸಾಲದ ಮೀಟಿಂಗಿಗೆ ಹೋಗ್ತಾರೆ. ಇನ್ನು ಕೆಲವರು, ಮುಖ್ಯವಾಗಿ ನಮ್ಮ ಮುಸ್ಲಿಂ ಬಾಂಧವರಲ್ಲಿ ಹಲವರು, ಬಡ್ಡಿ ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ ಎಂದು ಸಂಘದ ಮೆಟ್ಟಿಲನ್ನೇ ಹತ್ತುವುದಿಲ್ಲ. ಇವರಿಬ್ಬರೂ ನಮ್ಮೂರಿನವರೇ. ಇಬ್ಬರೂ ನಮ್ಮ ಕೈ ತಪ್ಪಿ ಹೋಗ್ತಾ ಇದ್ದಾರೆ.

ಮೊದಲು ಒಂದು ಮಾತು ತಿಳಿಯಾಗಲಿ. ಅಂಗಡಿಗೆ ಬರುವವನು ಗಿರಾಕಿ. ಸರಕು ಹಿಡಿಸದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಷ್ಟೆ. ಸಹಕಾರ ಸಂಘಕ್ಕೆ ಬರುವವನು ಗಿರಾಕಿಯೂ ಹೌದು, ಯಜಮಾನನೂ ಹೌದು. ಷೇರು ಹಾಕಿದ್ದಾನೆ, ಒಂದು ಓಟು ಇದೆ. ಹತ್ತು ಷೇರು ಇದ್ದವನಿಗೂ ಒಂದೇ ಓಟು, ನೂರು ಷೇರು ಇದ್ದವನಿಗೂ ಒಂದೇ ಓಟು. ಆದ್ದರಿಂದ ಸದಸ್ಯನಿಗೆ ಅತೃಪ್ತಿ ಆದರೆ ಅದನ್ನು ಹೇಳಬೇಕಾದ ಜಾಗ ಕಾಫಿ ಹೋಟೆಲಿನ ಜಗಲಿಯಲ್ಲ, ಸರ್ವ ಸದಸ್ಯರ ಸಭೆ. ಆದರೆ ನಿಜ ಹೇಳಿ, ವಾರ್ಷಿಕ ಸಭೆಯಲ್ಲಿ ಎಷ್ಟು ಜನ ಎದ್ದು ನಿಂತು ಮಾತಾಡ್ತಾರೆ? ಸಹಿ ಹಾಕಿ, ಖಾರಾಬಾತ್ ತಿಂದು ಹೋಗುವವರೇ ಹೆಚ್ಚು. ಬಾಯಿ ಬಿಡದೆ ಕಂತು ಕಟ್ಟುವವರೆಲ್ಲ ತೃಪ್ತರು ಎಂದು ಆಡಳಿತ ಮಂಡಳಿ ತಿಳಿದುಕೊಂಡರೆ ಅದು ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನ.

ಸಹಕಾರದ ಬೇರು ಎಲ್ಲಿದೆ ನೋಡೋಣ. ನಮ್ಮ ನಾಡಿನಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಅದರ ಹಿಂದಿನ ವರ್ಷ, 1904ರಲ್ಲಿ, ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತ್ತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಬೇಕು ಅನ್ನೋದೇ ಆ ಕಾಯಿದೆಯ ಮೂಲ ಉದ್ದೇಶ. ಈ ವಿಚಾರ ಜರ್ಮನಿಯಲ್ಲಿ ರೈಫೈಸೆನ್ ಎಂಬ ಮಹನೀಯರು ಹಳ್ಳಿಗಳಲ್ಲಿ ಕಟ್ಟಿದ ಪತ್ತಿನ ಸಂಘಗಳಿಂದ ಬಂದದ್ದು. ಒಂದು ಸ್ವಾರಸ್ಯ ಕೇಳಿ. ಈಜಿಪ್ಟ್ ದೇಶದ ಅಹಮದ್ ಅಲ್ ನಜ್ಜಾರ್ ಎಂಬುವರು ಜರ್ಮನಿಯಲ್ಲಿ ಓದಿ, ಅಲ್ಲಿನ ಉಳಿತಾಯ ಬ್ಯಾಂಕುಗಳನ್ನು ನೋಡಿ ಬಂದು, 1963ರಲ್ಲಿ ಮಿತ್ ಘಮ್ರ್ ಎಂಬ ಊರಿನಲ್ಲಿ ಬಡ್ಡಿ ಇಲ್ಲದ ಉಳಿತಾಯ ಬ್ಯಾಂಕು ತೆರೆದರು. ಅದು ನೈಲ್ ನದಿಯ ಬಯಲು, ನಮ್ಮ ಹೇಮಾವತಿ ನಾಲೆಯ ಬಯಲಿನ ಹಾಗೆ ಬೇಸಾಯದ ಸೀಮೆ. ಈ ಕಾಲದ ಇಸ್ಲಾಮಿಕ್ ಬ್ಯಾಂಕುಗಳ ಮೊದಲ ಪ್ರಯೋಗ ಅಂತ ಅದನ್ನೇ ಹೇಳ್ತಾರೆ. ಅಂದರೆ ನಮ್ಮ ಸಂಘವೂ ಆ ಬ್ಯಾಂಕೂ ಕಲಿತದ್ದು ಜರ್ಮನಿಯ ಜನರಿಂದಲೇ. ಒಂದೇ ಕೆರೆಯ ನೀರು ಎರಡು ತೂಬಿನಲ್ಲಿ ಹರಿದಂತೆ.

ಈಗ ಬಡ್ಡಿಯ ಸಣ್ಣ ಸಾಲದ ಕಡೆ ಬರೋಣ. ಬಾಂಗ್ಲಾ ದೇಶದಲ್ಲಿ ಮಹಮದ್ ಯೂನಸ್ ಅವರು 1976ರಲ್ಲಿ ಶುರು ಮಾಡಿದ ಕೆಲಸ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು, 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮಲ್ಲಿ ಎಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಕೋಲಾರದ ಕಡೆ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ನಿಮ್ಮ ಸಂಘದ ವಯಸ್ಸಿನದೇ ಆದ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂತು. 1982ರಲ್ಲಿ ಆರಂಭವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ನಮ್ಮ ಜಿಲ್ಲೆಗೂ ಬಂತು. ಇವುಗಳ ಹಿಂದೆಯೇ ಖಾಸಗಿ ಕಿರುಸಾಲದ ಕಂಪನಿಗಳು ಬಂದವು. ಜನ ಎಲ್ಲವನ್ನೂ ಒಟ್ಟಿಗೆ "ಸಂಘದ ಸಾಲ" ಎಂದೇ ಕರೆಯುತ್ತಾರೆ. ಹೆಸರು ಒಂದೇ ಆದರೂ ಒಳಗಿನ ಹೂರಣ ಬೇರೆ ಬೇರೆ. ಗುಂಪಿನ ಉಳಿತಾಯದ ಬಡ್ಡಿ ಗುಂಪಿಗೇ ಉಳಿಯುತ್ತದೆ. ಕಂಪನಿಯ ಬಡ್ಡಿ ಕಂಪನಿಗೆ ಹೋಗುತ್ತದೆ.

ಕಂಪನಿ ಸಾಲಕ್ಕೆ ಹೆಂಗಸರು ಯಾಕೆ ಹೋಗ್ತಾರೆ ಅಂತ ನಾನು ಹಲವು ಕಡೆ ಕೇಳಿದ್ದೇನೆ. ಹೊಳೆನರಸೀಪುರದ ಕಡೆಯ ಒಬ್ಬ ತಾಯಿ ಹೇಳಿದ ಮಾತು ಇದು: "ಅಣ್ಣಾ, ಅವ್ರು ಮನೆ ಬಾಗ್ಲಿಗೇ ಬತ್ತಾರೆ. ಪಾಣಿ ಕೇಳಲ್ಲ. ಸೊಸೈಟಿಗೆ ಹೋದ್ರೆ ಮೊದ್ಲು ಪಾಣಿ ಎಲ್ಲವ್ವ ಅಂತಾರೆ. ನಂಗೆ ಗೇಣುದ್ದ ಜಮೀನಿಲ್ಲ, ಪಾಣಿ ಎಲ್ಲಿಂದ ತರ್ಲಿ?" ಈ ಮಾತನ್ನು ನಾವು ಮನಸ್ಸಿಗೆ ಹಾಕಿಕೊಳ್ಳಬೇಕು. ರೈತರಿಗೆ ನಮ್ಮ ಸಂಘಗಳು ಡಿಸಿಸಿ ಬ್ಯಾಂಕಿನ ಮೂಲಕ ಕೊಡುವ ಬೆಳೆಸಾಲಕ್ಕೆ, ಗಡುವಿನೊಳಗೆ ಕಟ್ಟಿದರೆ, ಬಡ್ಡಿಯೇ ಇಲ್ಲ. 3 ಲಕ್ಷ ರೂಪಾಯಿ ಇದ್ದ ಮಿತಿಯನ್ನು 2023-24ರ ಆಯವ್ಯಯದಲ್ಲಿ ಸರ್ಕಾರ 5 ಲಕ್ಷಕ್ಕೆ ಏರಿಸಿತು. ಆ ಬಡ್ಡಿಯನ್ನು ಸರ್ಕಾರ ತುಂಬಿಕೊಡುತ್ತದೆ. ಹಾಗಾದರೆ ಬಡ್ಡಿ ಇಲ್ಲದ ಸಾಲ ನಮಗೆ ಹೊಸದೇನಲ್ಲ, ದೂರದ ದೇಶದ್ದೂ ಅಲ್ಲ. ಪಹಣಿ ಇರುವವನಿಗೆ ಬಡ್ಡಿ ಇಲ್ಲ. ಪಹಣಿ ಇಲ್ಲದ ದರ್ಜಿಗೆ, ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ, ಕೂಲಿ ಹೆಂಗಸಿಗೆ ವಾರದ ಕಂತಿನ ಬಡ್ಡಿ. ಇದ್ದವನಿಗೆ ಸೊನ್ನೆ, ಇಲ್ಲದವನಿಗೆ ಎರಡು ಪಟ್ಟು. ಇದು ನ್ಯಾಯವೇ ಅಂತ ಈ ಬೆಳ್ಳಿ ಹಬ್ಬದ ದಿನ ನಾವು ಕೇಳಿಕೊಳ್ಳಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ತಾಯಂದಿರು ಗಮನವಿಟ್ಟು ಕೇಳಿ. ಒಬ್ಬರು 10,000 ರೂಪಾಯಿ ಸಾಲಕ್ಕೆ "ಶೇಕಡ 12 ಬಡ್ಡಿ" ಅಂತಾರೆ. ವರ್ಷಕ್ಕೆ 1,200 ಸೇರಿಸಿ 11,200ನ್ನು 50 ವಾರಕ್ಕೆ ಹಂಚಿ, ವಾರಕ್ಕೆ 224 ಕಟ್ಟಿಸಿಕೊಳ್ತಾರೆ. ಇದು ಚಪ್ಪಟೆ ಬಡ್ಡಿ. ಇನ್ನೊಬ್ಬರು ಅದೇ 10,000ಕ್ಕೆ ಅದೇ ಶೇಕಡ 12 ಅಂತ ಹೇಳಿ, ತಿಂಗಳು ತಿಂಗಳು ಅಸಲು ಇಳಿದ ಹಾಗೆ ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕ್ತಾರೆ. ಹನ್ನೆರಡು ಸಮ ಕಂತಿನಲ್ಲಿ ಅಸಲು ತೀರಿಸಿದರೆ ಅಲ್ಲಿ ಬಡ್ಡಿ ಒಟ್ಟು 650 ರೂಪಾಯಿ. ಮಾತು ಒಂದೇ, ಹಣ ಸುಮಾರು ಎರಡರಷ್ಟು. ಯಾಕೆ ಅಂದರೆ ಮೊದಲನೆಯ ರೀತಿಯಲ್ಲಿ ನೀವು ವಾಪಸು ಕೊಟ್ಟ ಹಣಕ್ಕೂ ಬಡ್ಡಿ ಕಟ್ಟುತ್ತಾ ಇರುತ್ತೀರಿ. ನಿಜವಾದ ದರ ಶೇಕಡ 23ಕ್ಕೂ ಮೇಲೆ. ಮೀಟರ್ ಬಡ್ಡಿಯವನು "ನೂರಕ್ಕೆ ಐದು ಮಾತ್ರ ಕಣಮ್ಮ" ಅಂತಾನೆ. ಅದು ತಿಂಗಳಿಗೆ. ವರ್ಷಕ್ಕೆ ಶೇಕಡ 60.

ಈಗ ಬಡ್ಡಿ ಇಲ್ಲದ ವ್ಯವಸ್ಥೆಗೆ ಬರೋಣ. ಇಸ್ಲಾಂ ಧರ್ಮದಲ್ಲಿ ಬಡ್ಡಿ ನಿಷಿದ್ಧ. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಆದರೆ ವ್ಯಾಪಾರದ ಲಾಭ ತಪ್ಪಲ್ಲ. ಈ ಆಧಾರದ ಮೇಲೆ ಮುಖ್ಯವಾಗಿ ಎರಡು ಬಗೆಯ ಸಣ್ಣ ಸಾಲ ನಡೆಯುತ್ತದೆ. ಒಂದು ಕರ್ಜೆ ಹಸನ, ಅಂದರೆ ಒಳ್ಳೆಯ ಮನಸ್ಸಿನ ಸಾಲ. ಕೊಟ್ಟಷ್ಟೇ ವಾಪಸು. ಬೇಕಾದರೆ ಕಾಗದಪತ್ರದ ಖರ್ಚಿಗೆ ಇಷ್ಟು ಅಂತ ಸೇವಾ ಶುಲ್ಕ ತೆಗೆದುಕೊಳ್ಳುತ್ತಾರೆ. ನಮ್ಮ ಹಳ್ಳಿಯ ಕೈಗಡ ಇದೇ ತಾನೆ? ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುತ್ತೀವಿ, ಬಡ್ಡಿ ಹಾಕ್ತೀವಾ? ಎರಡನೆಯದು ಮುರಾಬಹಾ. ಸಂಸ್ಥೆಯೇ ಸಾಮಾನು ಕೊಂಡು, ಲಾಭ ಎಷ್ಟು ಅಂತ ಮುಚ್ಚುಮರೆ ಇಲ್ಲದೆ ಹೇಳಿ, ಕಂತಿನ ಮೇಲೆ ಮಾರುತ್ತದೆ. ಇದಲ್ಲದೆ ಲಾಭ ನಷ್ಟ ಎರಡನ್ನೂ ಹಂಚಿಕೊಳ್ಳುವ ಪಾಲುಗಾರಿಕೆಯೂ ಇದೆ. ಅದು ನಮ್ಮ ವಾರದ ಬೇಸಾಯದ ಹಾಗೆ.

ಪಾಕಿಸ್ತಾನದ ಲಾಹೋರಿನಲ್ಲಿ 2001ರಲ್ಲಿ ಡಾ. ಅಮ್ಜದ್ ಸಾಕಿಬ್ ಅವರು ಅಖುವತ್ ಎಂಬ ಸಂಸ್ಥೆ ಕಟ್ಟಿ ಬಡ್ಡಿ ಇಲ್ಲದ ಸಾಲ ಕೊಡುತ್ತಾ ಬಂದರು. ಮಸೀದಿಯಲ್ಲೂ ಸಾಲ ಹಂಚಿದರು, ಚರ್ಚಿನಲ್ಲೂ ಹಂಚಿದರು. ಬೇರೆ ಧರ್ಮದ ಬಡವರಿಗೂ ಕೊಟ್ಟರು. 2021ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಬಾಂಗ್ಲಾ ದೇಶದ ಇಸ್ಲಾಮಿ ಬ್ಯಾಂಕು 1995ರಿಂದ ಹಳ್ಳಿಗಳಲ್ಲಿ ಈ ಬಗೆಯ ಸಣ್ಣ ಸಾಲ ನಡೆಸುತ್ತಿದೆ. ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕೆಂದು ರಘುರಾಂ ರಾಜನ್ ಸಮಿತಿ 2008ರಲ್ಲಿ ಸಲಹೆ ಮಾಡಿತ್ತು. ಆದರೆ 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದಿತು. ಆದ್ದರಿಂದ ನಮ್ಮಲ್ಲಿ ಈ ಕೆಲಸ ನಡೆಯುವುದು ಸಹಕಾರ ಸಂಘಗಳ ಮೂಲಕ, ಟ್ರಸ್ಟುಗಳ ಮೂಲಕ. ದೆಹಲಿಯ ಸಹೂಲತ್ ಎಂಬ ಸಂಸ್ಥೆ 2010ರಿಂದ ಇಂಥ ಸಂಘಗಳಿಗೆ ನೆರವಾಗುತ್ತಿದೆ. ನೋಡಿ, ಅವರಿಗೂ ಕೊನೆಗೆ ಆಸರೆಯಾದದ್ದು ಸಹಕಾರ ತತ್ವವೇ.

ಹಾಗಾದರೆ ಬಡ್ಡಿ ಇಲ್ಲದ ಸಾಲ ಪಡೆದವರೆಲ್ಲ ತೃಪ್ತರೇ? ಇಲ್ಲೂ ಲೆಕ್ಕ ಬಿಡಬಾರದು. 8,000 ರೂಪಾಯಿಯ ಹೊಲಿಗೆ ಯಂತ್ರವನ್ನು 9,200ಕ್ಕೆ ಹನ್ನೆರಡು ಕಂತಿನಲ್ಲಿ ಮಾರಿದರು ಅನ್ನಿ. ಬಡ್ಡಿ ಅನ್ನುವ ಹೆಸರಿಲ್ಲ. ಆದರೆ ಇಳಿಯುವ ಬಾಕಿಯ ಲೆಕ್ಕದಲ್ಲಿ ನೋಡಿದರೆ ಆ 1,200 ಲಾಭ ಶೇಕಡ 25 ದಾಟುತ್ತದೆ. "ಹೆಸರು ಬದಲಾಯ್ತು, ಹೊರೆ ಬದಲಾಗಲಿಲ್ಲ" ಅಂತ ಕೆಲವರು ಗೊಣಗುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೆ ಒಂದು ವ್ಯತ್ಯಾಸ ಉಂಟು. ಒಂದು ಸಾರಿ ಹೇಳಿದ ಬೆಲೆ ಬೆಳೆಯುವುದಿಲ್ಲ. ಕಂತು ತಡವಾದರೆ ಬಡ್ಡಿಯ ಮೇಲೆ ಬಡ್ಡಿ ಏರುವುದಿಲ್ಲ. ದಂಡ ಹಾಕಿದರೂ ಅದನ್ನು ಸಂಸ್ಥೆ ತನ್ನ ಲಾಭಕ್ಕೆ ಸೇರಿಸದೆ ದಾನಕ್ಕೆ ಕೊಡಬೇಕು. ಸಾಲಗಾರನಿಗೆ ರಾತ್ರಿ ನಿದ್ದೆ ಬರುವುದು ಈ ಒಂದು ಭರವಸೆಯಿಂದ. ಜೊತೆಗೆ ತನ್ನ ಧರ್ಮಕ್ಕೆ ಕುಂದು ಬರಲಿಲ್ಲ ಎನ್ನುವ ನೆಮ್ಮದಿ. ಈ ನೆಮ್ಮದಿಗೆ ಬೆಲೆ ಕಟ್ಟಲಾಗದು. ಹಾಗೆಯೇ ಇನ್ನೊಂದು ಕಡೆ, ಕರ್ಜೆ ಹಸನದಲ್ಲಿ ಹಣ ಸಾಲದು. ದಾನ ಬಂದಷ್ಟೇ ಸಾಲ. ಸರದಿ ಕಾಯಬೇಕು, ಮೊತ್ತ ಸಣ್ಣದು. ಬಡ್ಡಿಯ ಸಾಲದಲ್ಲಿ ಹಣ ಬೇಗ ಸಿಗುತ್ತದೆ, ಮತ್ತೆ ಮತ್ತೆ ಸಿಗುತ್ತದೆ. ಬೇಗ ಸಿಗುವುದೇ ಕೆಲವೊಮ್ಮೆ ಕುತ್ತು.

ಕುತ್ತಿನ ಮಾತು ಬಂತು, ಹೇಳಿಬಿಡುತ್ತೇನೆ. 2009ರಲ್ಲಿ ಕೋಲಾರದಲ್ಲಿ ರೇಷ್ಮೆ ಕೆಲಸ ನಂಬಿದ್ದ ಬಡ ಹೆಂಗಸರ ಮೇಲೆ ಹಲವು ಕಂಪನಿಗಳ ಸಾಲ ಒಂದರ ಮೇಲೊಂದು ಬಿದ್ದಿತ್ತು. ಕೊನೆಗೆ ಅಲ್ಲಿನ ಅಂಜುಮನ್ ಸಮಿತಿ ಈ ಸಾಲ ಕಟ್ಟಬೇಡಿ ಎಂದು ಕರೆ ಕೊಟ್ಟಿತು. ಕಂತು ನಿಂತಿತು, ಹೊಸ ಸಾಲವೂ ನಿಂತಿತು. ಅದಕ್ಕೆ ಬಡ್ಡಿ ನಿಷಿದ್ಧ ಎಂಬುದೊಂದೇ ಕಾರಣವಲ್ಲ. ಹೊರೆ ತಡೆಯಲಾರದೆ ಹೋದಾಗ ಜನ ಧರ್ಮದ ಮೊರೆ ಹೋದರು. ಮರುವರ್ಷ, 2010ರಲ್ಲಿ, ಆಂಧ್ರದಲ್ಲಿ ಇದಕ್ಕಿಂತ ದೊಡ್ಡ ಬಿಕ್ಕಟ್ಟು ಬಂತು. ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಮ್ಮ ರಾಜ್ಯದಲ್ಲಿ 2025ರ ಆರಂಭದಲ್ಲಿ ವಸೂಲಿಗಾರರ ಕಾಟಕ್ಕೆ ಚಾಮರಾಜನಗರ, ಮೈಸೂರು, ರಾಮನಗರದ ಕಡೆ ಸಂಸಾರಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ನೀವೆಲ್ಲ ಓದಿದ್ದೀರಿ. ಅದೇ ಫೆಬ್ರವರಿಯಲ್ಲಿ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯಿದೆಯೂ ಆಯಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. 2022ರಿಂದ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ವರ್ಷಕ್ಕೆ 3 ಲಕ್ಷದೊಳಗೆ ವರಮಾನ ಇರುವ ಮನೆಗೆ ಕೊಡುವ ಕಿರುಸಾಲಕ್ಕೆ ಅಡಮಾನ ಕೇಳಬಾರದು. ಆ ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ವರಮಾನದ ಅರ್ಧ ದಾಟಬಾರದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕಬಾರದು. ಇದು ನಿಮ್ಮ ಹಕ್ಕು, ತಿಳಿದಿರಲಿ.

ನಂಬಿಕೆಯ ವಿಚಾರದಲ್ಲೂ ಎಚ್ಚರ ಬೇಕು. ಧರ್ಮಕ್ಕೆ ಒಪ್ಪುವ ಲಾಭ ಅಂತ ಹೇಳಿ ಸಾವಿರಾರು ಜನರಿಂದ ಹಣ ಸೇರಿಸಿದ ಬೆಂಗಳೂರಿನ ಐಎಂಎ 2019ರ ಜೂನಿನಲ್ಲಿ ಬಾಗಿಲು ಹಾಕಿತು, ಅದರ ಮಾಲೀಕ ವಿದೇಶಕ್ಕೆ ಓಡಿದ, ಆಮೇಲೆ ಬಂಧನವಾಯಿತು. ಅದಾದ ಏಳೇ ತಿಂಗಳಿಗೆ, 2020ರ ಜನವರಿಯಲ್ಲಿ, ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು ತಮ್ಮ ಹಣ ತಾವೇ ತೆಗೆಯಲಾಗದೆ ಕಣ್ಣೀರು ಹಾಕಿದರು. ಬಡ್ಡಿ ಇಲ್ಲದ ಕಡೆಯೂ ಹಣ ಮುಳುಗಬಹುದು, ಬಡ್ಡಿ ಇರುವ ಕಡೆಯೂ ಮುಳುಗಬಹುದು. ಬೋರ್ಡಿನ ಮೇಲಿನ ಹೆಸರು ನೋಡಿ ನಂಬಬೇಡಿ, ಒಳಗಿನ ಲೆಕ್ಕ ನೋಡಿ ನಂಬಿ. ಆಡಿಟ್ ವರದಿಯನ್ನು ಸಭೆಯಲ್ಲಿ ಓದಿಸಿ ಕೇಳಿ.

ಸದಸ್ಯನ ತೃಪ್ತಿ ಯಾವುದರಲ್ಲಿದೆ? ಬಡ್ಡಿ ದರ ಒಂದರಲ್ಲೇ ಇಲ್ಲ. ನಾನು ಕಂಡಂತೆ ನಾಲ್ಕು ವಿಷಯ ಮುಖ್ಯ.

ಒಂದು, ಸಮಯ. ಹಾಸನದ ರೈತನಿಗೆ ಬಿತ್ತನೆ ಆಲೂಗಡ್ಡೆಗೆ ಮೇ ತಿಂಗಳಲ್ಲಿ ಹಣ ಬೇಕು. ಜಲಂಧರಿನ ಗಡ್ಡೆ ಮಾರುಕಟ್ಟೆಗೆ ಬಂದು ಖಾಲಿಯಾದ ಮೇಲೆ ಜುಲೈನಲ್ಲಿ ಸಾಲ ಮಂಜೂರಾದರೆ ಅದು ಮದುವೆ ಮುಗಿದ ಮೇಲೆ ಓಲಗ ಊದಿದಂತೆ.

ಎರಡು, ಕಂತು. ಡೈರಿಗೆ ಹಾಲು ಹಾಕುವ ತಾಯಿಗೆ ಬಟವಾಡೆಯ ದಿನ ಕಂತು ಕಟ್ಟುವುದು ಸುಲಭ. ಅರಕಲಗೂಡಿನ ಹೊಗೆಸೊಪ್ಪಿನವನಿಗೆ ಹಣ ಬರುವುದು ರಾಮನಾಥಪುರದಲ್ಲಿ ಹರಾಜಾದ ಮೇಲೆ. ಚನ್ನರಾಯಪಟ್ಟಣದ ಕೊಬ್ಬರಿಯವನ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂರಬೇಕು. ಎಲ್ಲರಿಗೂ ವಾರಕ್ಕೊಂದು ಕಂತು ಅಂದರೆ ಕೊಬ್ಬರಿಯವನು ಕಂತು ಕಟ್ಟಲು ಇನ್ನೊಂದು ಸಾಲ ಮಾಡುತ್ತಾನೆ.

ಮೂರು, ಮರ್ಯಾದೆ. ಕೌಂಟರಿನಲ್ಲಿ "ಏನಮ್ಮಾ, ನಾಳೆ ಬಾ" ಅಂದರೆ ಬಡವರ ಮನಸ್ಸು ಮುರಿಯುತ್ತದೆ. "ಕೂತ್ಕೊಳ್ಳಿ ತಾಯಿ, ಇಂಥ ಕಾಗದ ಬೇಕು, ಇಂಥ ದಿನ ಬನ್ನಿ" ಅಂದರೆ ಖರ್ಚೇನೂ ಇಲ್ಲ.

ನಾಲ್ಕು, ಕಷ್ಟ ಬಂದಾಗಿನ ನಡತೆ. ಅಂಗಮಾರಿ ರೋಗ ಬಂದು ಆಲೂಗಡ್ಡೆ ಹೋಯಿತು, ಮನೆಯ ಯಜಮಾನ ಆಸ್ಪತ್ರೆ ಸೇರಿದ. ಆಗ ಸಂಘ ಏನು ಮಾಡುತ್ತದೆ? ಬಾಗಿಲಲ್ಲಿ ನಿಂತು ಕೂಗುತ್ತದೋ, ಗಡುವು ಕೊಡುತ್ತದೋ? ಕಟ್ಟಲಾಗದವನು ಬೇರೆ, ಕಟ್ಟಲೊಲ್ಲದವನು ಬೇರೆ. ಊರಿನ ಸಂಘಕ್ಕೆ ಈ ವ್ಯತ್ಯಾಸ ಗೊತ್ತಾಗುತ್ತದೆ. ದೂರದ ಕಂಪನಿಗೆ ಗೊತ್ತಾಗುವುದಿಲ್ಲ. ನಮ್ಮ ದೊಡ್ಡ ಆಸ್ತಿ ಇದೇ.

ತೃಪ್ತಿ ಆಯಿತೇ ಎಂದು ಕೇಳುವ ದಿನವೂ ಮುಖ್ಯ. ಸಾಲ ಕೈಗೆ ಬಂದ ದಿನ ಕೇಳಿದರೆ ಎಲ್ಲರೂ ನಗುತ್ತಾ ಹೌದು ಅಂತಾರೆ. ಕೊನೆಯ ಕಂತು ಕಟ್ಟಿದ ದಿನ ಕೇಳಿ. "ಈ ಸಾಲದಿಂದ ಮನೆಗೆ ಏನು ಉಳೀತು? ಇದನ್ನು ಕಟ್ಟಲು ಬೇರೆ ಸಾಲ ಮಾಡಿದ್ರಾ? ಒಡವೆ ಇಟ್ರಾ?" ಈ ಮೂರು ಪ್ರಶ್ನೆಗೆ ಬರುವ ಉತ್ತರವೇ ನಿಜವಾದ ತೃಪ್ತಿಯ ಅಳತೆ.

ಕೊನೆಯದಾಗಿ, ಆಡಳಿತ ಮಂಡಳಿಯ ಮುಂದೆ ಒಂದು ಸಲಹೆ ಇಡುತ್ತೇನೆ. ರಜತ ಮಹೋತ್ಸವದ ನೆನಪಿಗೆ ಕಲ್ಲಿನ ಫಲಕ ಹಾಕಿಸುವುದರ ಜೊತೆಗೆ, ಪಹಣಿ ಇಲ್ಲದ ಸದಸ್ಯರಿಗಾಗಿ ಬಡ್ಡಿ ಇಲ್ಲದ ಒಂದು ಆಪತ್ಕಾಲದ ಸಾಲ ನಿಧಿ ಮಾಡಿ. ಯಾವ ಜಾತಿ, ಯಾವ ಧರ್ಮ ಅಂತ ಕೇಳದ ನಿಧಿ. ಸಣ್ಣ ಮೊತ್ತ, ಅದೇ ಬೀದಿಯ ಇಬ್ಬರ ಜಾಮೀನು, ಸಂತೆಯ ದಿನ ಇಲ್ಲವೇ ಬಟವಾಡೆಯ ದಿನ ಕಂತು. ಹಣ ಎಲ್ಲಿಂದ ಬರಬೇಕು? ಕಾಯಿದೆಯಂತೆ ನಿವ್ವಳ ಲಾಭದಲ್ಲಿ ಶೇಕಡ 25ಕ್ಕೆ ಕಡಿಮೆ ಇಲ್ಲದಂತೆ ಕಾಯ್ದಿಟ್ಟ ನಿಧಿಗೆ ಹೋಗಲೇಬೇಕು, ಅದನ್ನು ಮುಟ್ಟಬೇಡಿ. ಉಳಿದದ್ದರಲ್ಲಿ ಸಭೆ ಒಪ್ಪಿದಷ್ಟು ತೆಗೆದಿಡಿ. ಅನುಕೂಲಸ್ಥರು ದಾನ ಕೊಡಲಿ. ತಮ್ಮ ಉಳಿತಾಯದ ಬಡ್ಡಿ ತಮಗೆ ಬೇಡ ಎನ್ನುವ ಮುಸ್ಲಿಂ ಸದಸ್ಯರು ಇಷ್ಟಪಟ್ಟು ಬರೆದುಕೊಟ್ಟರೆ ಅದೂ ಬಡವರಿಗೆ ಸೇರಲಿ. ಉಪನಿಯಮ ತಿದ್ದುಪಡಿ ಬೇಕಾಗಬಹುದು, ಇಲಾಖೆಯ ಒಪ್ಪಿಗೆ ಬೇಕಾಗಬಹುದು. ಅದನ್ನು ಕ್ರಮವಾಗಿ ಮಾಡಿಸಿಕೊಳ್ಳಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಡ್ಡಿ ಇಲ್ಲ ಅಂದರೆ ಖರ್ಚು ಇಲ್ಲ ಅಂತಲ್ಲ. ಗುಮಾಸ್ತರ ಸಂಬಳ, ಕಾಗದ, ಬಾರದ ಬಾಕಿ ಎಲ್ಲವನ್ನೂ ಯಾರೋ ಹೊರಬೇಕು. ಆದ್ದರಿಂದ ಹಾಸಿಗೆ ಇದ್ದಷ್ಟೇ ಕಾಲು ಚಾಚಿ. ಹತ್ತು ಜನಕ್ಕೆ ಕೊಡಿ, ಹತ್ತೂ ವಾಪಸು ಬರಲಿ, ಆಮೇಲೆ ಇಪ್ಪತ್ತು ಜನಕ್ಕೆ ಕೊಡಿ. ಪಡೆದವರೂ ತಿಳಿಯಬೇಕು. ಇದು ಸರ್ಕಾರದ ಹಣವಲ್ಲ, ಮನ್ನಾ ಆಗುವ ಹಣವಲ್ಲ. ನೀವು ವಾಪಸು ಕೊಟ್ಟರೆ ಮಾತ್ರ ನಿಮ್ಮ ಪಕ್ಕದ ಮನೆಯವರಿಗೆ ಸಿಗುತ್ತದೆ. ಉಳಿದ ಎಲ್ಲ ಸಾಲಗಳ ಬಡ್ಡಿಯನ್ನೂ, ಚಪ್ಪಟೆಯೋ ಇಳಿಯುವ ಬಾಕಿಯದೋ ಎಂಬುದನ್ನೂ, ಒಟ್ಟು ಕಟ್ಟಬೇಕಾದ ರೂಪಾಯಿಯನ್ನೂ ಸಂಘದ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಸಿ. ಇದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ಬಡ್ಡಿ ಕೊಟ್ಟು ಸಾಲ ಪಡೆಯುವವರೂ ನಮ್ಮವರೇ, ಬಡ್ಡಿ ಬೇಡ ಎನ್ನುವವರೂ ನಮ್ಮವರೇ. ಇಬ್ಬರಿಗೂ ಒಂದೇ ಸೂರಿನಡಿ ಜಾಗ ಮಾಡಿಕೊಡುವ ಶಕ್ತಿ ಸಹಕಾರಕ್ಕೆ ಇದೆ. ಸುವರ್ಣ ಮಹೋತ್ಸವದ ಹೊತ್ತಿಗೆ ಈ ಊರಿನಲ್ಲಿ ವಾರದ ಕಂತಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಒಂದು ಮನೆಯೂ ಇರದಂತಾಗಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ, ಜೈ ಕರ್ನಾಟಕ, ಜೈ ಹಿಂದ್.